ಹಳೇ ಮೋಟರ್‌ಹೋಮ್‌ನ ಡ್ಯಾಶ್‌ಬೋರ್ಡ್ ಸ್ಕ್ರೀನ್ ಬದಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನಾವು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇವೆ. ಹೋದ ವರ್ಷ 2013ರ ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ ಮೋಟರ್‌ಹೋಮ್ ತಗೊಂಡೆವು, ಅಂದರೆ ವ್ಯಾನಿನ ಕ್ಯಾಬ್ ಹಿಂದೆ ಪುಟ್ಟ ಮನೆ ಕಟ್ಟಿದ ಗಾಡಿ. ಫೋರ್ಡ್ ಇ-450 ಚಾಸಿ (ಗಾಡಿಯ ಅಡಿಚೌಕಟ್ಟು), 29 ಅಡಿ ಉದ್ದ. ಗಾಡಿ ಚೆನ್ನಾಗಿದೆ, ಆದರೆ ಡ್ಯಾಶ್‌ಬೋರ್ಡ್‌ನ ಆರಿಂಚಿನ ಟಚ್‌ಸ್ಕ್ರೀನ್ ಸಾಕಾಗಿಹೋಗಿದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಒತ್ತಿದ ಹಾಗಾಗುತ್ತೆ. ಮ್ಯಾಪ್ ಹಳೇದು, ಹೊಸ ಫೋನ್ ಬ್ಲೂಟೂತ್‌ಗೆ ಸೇರಲ್ಲ. ಹಿಂದಿನ ಕ್ಯಾಮೆರಾ ಮಾತ್ರ ಇನ್ನೂ ಬರುತ್ತೆ. ಡೀಲರ್ ಕೇಳಿದ ರೇಟ್ ನೋಡಿ ಗಾಬರಿಯಾಯಿತು. ನಾನೇ ಬದಲಿಸಬಹುದಾ? ಯಾವ ಸೈಜ್ ಕೂರುತ್ತೆ? ಹಳೇ ಕ್ಯಾಮೆರಾ ಉಳಿಸಿಕೊಳ್ಳಬಹುದಾ? ಇನ್ನೊಂದು ವಿಷಯ, ಅಪ್ಪ ಅಮ್ಮ ಬೆಂಗಳೂರಿಂದ ಬರುತ್ತಿದ್ದಾರೆ. ಜೆ.ಸಿ. ರಸ್ತೆಯಲ್ಲಿ ಒಂದು ಆಂಡ್ರಾಯ್ಡ್ ಸ್ಟೀರಿಯೊ ಕೊಂಡು ತರಿಸಿದರೆ ಹೇಗೆ?

ಉತ್ತರ: ನೀವೇ ಮಾಡಬಹುದು. ಸ್ಕ್ರೂಡ್ರೈವರ್ ಹಿಡಿಯಲು, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಲು ಬಂದರೆ ಸಾಕು. ಆದರೆ ದಯವಿಟ್ಟು ಇವತ್ತೇ ಸ್ಕ್ರೀನ್ ಆರ್ಡರ್ ಮಾಡಬೇಡಿ. ಮೊದಲು ಹಳೇದನ್ನು ಹೊರಗೆ ಎಳೆದು, ಅದರ ಬೆನ್ನಿಗೆ ಯಾರು ಏನೇನು ಸಿಕ್ಕಿಸಿದ್ದಾರೆ ನೋಡಿ. ಸ್ಕ್ರೀನ್ ಆರಿಸುವುದು ಸುಲಭ. ಅದರ ಹಿಂದಿನ ವೈರ್ ಅರ್ಥವಾಗುವುದು ಕಷ್ಟ. ಎಲ್ಲರೂ ಉಲ್ಟಾ ಮಾಡುತ್ತಾರೆ, ಹತ್ತಿಂಚಿನ ಸ್ಕ್ರೀನ್ ಮೇಲೆ ಆಸೆಪಟ್ಟು ತರಿಸಿಕೊಂಡು, ಆಮೇಲೆ ಕ್ಯಾಮೆರಾ ಪ್ಲಗ್ ಕೂರುವುದಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಇದಕ್ಕೆ ಕಾರಣ ಇದೆ. ಕಾರನ್ನು ಒಂದೇ ಕಂಪನಿ ಮಾಡುತ್ತದೆ. ನಿಮ್ಮ ಗಾಡಿಯನ್ನು ಇಬ್ಬರು ಮಾಡಿದ್ದಾರೆ. ಫೋರ್ಡ್‌ನವರು ಎಂಜಿನ್, ಚಾಸಿ, ಮುಂದಿನ ಕ್ಯಾಬ್ ಕೊಟ್ಟರು. ಹಿಂದಿನ ಮನೆಯನ್ನು ಕಟ್ಟಿದವರು ಬೇರೆ. ಸ್ಟೀರಿಯೊ, ಕ್ಯಾಮೆರಾ, ಹಿಂಬದಿಯ ಸ್ಪೀಕರ್ ಎಲ್ಲ ಸಾಮಾನ್ಯವಾಗಿ ಈ ಎರಡನೆಯವರ ಕೈಕೆಲಸ. ಫೋರ್ಡ್ ಇ-450ಕ್ಕೆ ಅಂತ ಬರೆದಿರುವ ವೈರಿಂಗ್ ಚಿತ್ರ ಹಿಡಿದುಕೊಂಡು ಕೂತರೆ ಅರ್ಧಕ್ಕರ್ಧ ಹೊಂದುವುದಿಲ್ಲ. ಹಿಂದಿನ ಮಾಲೀಕರು ತಮ್ಮ ಕೈಚಳಕವನ್ನೂ ಸೇರಿಸಿದ್ದರೆ ಕೇಳಲೇಬೇಡಿ.

ಬಿಚ್ಚುವುದಕ್ಕೂ ಮುಂಚೆ ಒಂದು ಪುಕ್ಕಟೆ ಪ್ರಯತ್ನ ಮಾಡಿ. ಒತ್ತಿದ ಜಾಗ ಬಿಟ್ಟು ಪಕ್ಕದ್ದು ಕೆಲಸ ಮಾಡುತ್ತದೆ ಅಂದಿರಿ ಅಲ್ವಾ, ಅದು ರೆಸಿಸ್ಟಿವ್ ಟಚ್‌ನ ಲಕ್ಷಣ. ಆ ಕಾಲದ ಸ್ಟೀರಿಯೊಗಳಲ್ಲಿ ಬಹುಪಾಲು ಅದೇ. ಎರಡು ತೆಳು ಪದರ ಒಂದಕ್ಕೊಂದು ತಾಗಿದಾಗ ಒತ್ತಿದ್ದು ಗೊತ್ತಾಗುತ್ತದೆ. ಬಿಸಿಲು ತಿಂದು ತಿಂದು ಲೆಕ್ಕ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟಚ್ ಕ್ಯಾಲಿಬ್ರೇಷನ್ ಅಂತ ಇದ್ದರೆ ಅದನ್ನು ಒತ್ತಿ, ಮೂಲೆಗಳಲ್ಲಿ ಬರುವ ಗುರುತುಗಳನ್ನು ಪೆನ್ಸಿಲ್ ಹಿಂಬದಿಯ ರಬ್ಬರಿನಲ್ಲಿ ಮುಟ್ಟಿ. ಮುಂಭಾಗದಲ್ಲಿ ಚಿಕ್ಕ ತೂತಿದ್ದರೆ ಅದು ರೀಸೆಟ್. ಇಷ್ಟರಿಂದ ಟಚ್ ಸರಿಯಾದರೆ ಈ ಬೇಸಿಗೆ ಹೀಗೇ ಕಳೆದು, ನಿಧಾನವಾಗಿ ಆರಿಸಬಹುದು.

ದಿನಾಂಕ ಕೂಡ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದೆಯಾ ನೋಡಿ. ಹೋಗಿದ್ದರೆ ಅದು ಜಿಪಿಎಸ್ ವಾರದ ಎಣಿಕೆಯ ಸಮಸ್ಯೆ. ಜಿಪಿಎಸ್ 1,024 ವಾರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗೆ ತಿರುಗಿದಾಗ ಹಳೇ ಯೂನಿಟ್‌ಗಳು ಕೆಲವು ದಾರಿ ತಪ್ಪಿದವು. ಕಂಪನಿ ಅಪ್‌ಡೇಟ್ ಕೊಡದಿದ್ದರೆ ಇದಕ್ಕೆ ಮದ್ದಿಲ್ಲ. ಹೊಸ ಫೋನನ್ನು ಸ್ಕ್ರೀನ್ ಮೇಲೆ ತರುವುದಕ್ಕಂತೂ ದಾರಿಯೇ ಇಲ್ಲ. ಫೋನಿನ ಮ್ಯಾಪ್, ಹಾಡುಗಳನ್ನು ಗಾಡಿಯ ಸ್ಕ್ರೀನಿಗೆ ತರುವ ಐಫೋನಿನ ಕಾರ್‌ಪ್ಲೇ ಬಂದಿದ್ದೇ 2014ರಲ್ಲಿ, ಆಂಡ್ರಾಯ್ಡ್ ಫೋನುಗಳ ಆಂಡ್ರಾಯ್ಡ್ ಆಟೊ 2015ರಲ್ಲಿ. ನಿಮ್ಮದು ಅದಕ್ಕೂ ಮೊದಲಿನದು. ಹಾಗಾಗಿ ಬದಲಿಸಬೇಕು ಅನ್ನುವ ನಿಮ್ಮ ತೀರ್ಮಾನ ಸರಿ.

ಈಗ ಸೈಜ್. ಇ-ಸೀರಿಸ್‌ಗೆ 2009ರ ಮಾಡೆಲ್‌ನಲ್ಲಿ ಹೊಸ ಡ್ಯಾಶ್ ಬಂತು. ಅದರಲ್ಲಿ ಡಬಲ್ ಡಿನ್ ಜಾಗ ಇದೆ, ಅಂದರೆ ಮುಖ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ನಿಮ್ಮ ಅದೃಷ್ಟ ಚೆನ್ನಾಗಿದೆ. ಏಳಿಂಚಿನ ಹತ್ತಿರದ ಸ್ಕ್ರೀನ್ ಇರುವ ಯಾವುದೇ ಡಬಲ್ ಡಿನ್ ಯೂನಿಟ್ ಸರಿಯಾದ ಫ್ರೇಮ್ ಹಾಕಿದರೆ ಕೂರುತ್ತದೆ. ಹೊರಗೆ ಚಾಚಿಕೊಂಡಿರುವ ಒಂಬತ್ತು, ಹತ್ತಿಂಚಿನ ಸ್ಕ್ರೀನ್‌ಗಳೂ ಇವೆ. ಅವುಗಳ ಡಬ್ಬ ಒಳಗಿರುತ್ತದೆ, ಸ್ಕ್ರೀನ್ ಮಾತ್ರ ಮುಂದೆ ನಿಂತಿರುತ್ತದೆ. ನೋಡಲು ಚೆಂದ. ನನಗೆ ಮೋಟರ್‌ಹೋಮ್‌ನಲ್ಲಿ ಅವು ಇಷ್ಟವಿಲ್ಲ. ಈ ಗಾಡಿಗಳ ಅಲುಗಾಟಕ್ಕೆ ಚಾಚಿದ ಸ್ಕ್ರೀನ್ ನಡುಗುತ್ತಲೇ ಇರುತ್ತದೆ. ಮೇಲಿಂದ ಎಸಿ ಗಾಳಿಯ ಕಿಂಡಿಯನ್ನೋ ಕೆಳಗಿನ ಎಸಿ ಗುಂಡಿಗಳನ್ನೋ ಮುಚ್ಚುತ್ತದೆ. ಸ್ಟೀರಿಂಗ್ ಕಂಬದ ಮೇಲಿರುವ ಗೇರ್ ಲಿವರನ್ನು ಡ್ರೈವ್‌ಗೆ ಎಳೆದಾಗ ಅದು ಸ್ಕ್ರೀನ್‌ಗೆ ಎಷ್ಟು ಹತ್ತಿರ ಬರುತ್ತದೆ ಅಂತ ಅಳೆದು ನೋಡಿ. ಅಷ್ಟಾಗಿಯೂ ದೊಡ್ಡದೇ ಬೇಕು ಅಂದರೆ ಒಂದು ರಟ್ಟನ್ನು ಸ್ಕ್ರೀನ್ ಅಳತೆಗೆ ಕತ್ತರಿಸಿ ಡ್ಯಾಶ್‌ಗೆ ಅಂಟಿಸಿ ಒಂದು ವಾರ ಓಡಿಸಿ. ತೊಂದರೆ ಇದ್ದರೆ ಗೊತ್ತಾಗುತ್ತದೆ.

ಸೈಜ್‌ಗಿಂತ ಆಳ ಮುಖ್ಯ. ಡಿವಿಡಿ ತಿನ್ನುವ ಹಳೇ ಯೂನಿಟ್‌ಗಳು ಉದ್ದ ಡಬ್ಬಗಳು. ಈಗ ಡಿಸ್ಕ್ ಇಲ್ಲದ ಯೂನಿಟ್‌ಗಳು ಬರುತ್ತವೆ, ಹಲವದರ ಆಳ ಅದರ ಅರ್ಧವೂ ಇರುವುದಿಲ್ಲ. ಅಂಥದ್ದನ್ನೇ ತಗೊಳ್ಳಿ. ಹಿಂದೆ ಉಳಿಯುವ ಜಾಗದಲ್ಲಿ ವೈರುಗಳ ಗಂಟು ಆರಾಮಾಗಿ ಕೂರುತ್ತದೆ. ಇ-450ರ ಡ್ಯಾಶ್ ಹಿಂದೆ ಎಸಿ ನಾಳಗಳೂ ಎಂಜಿನ್ ಕವರ್ರೂ ಇವೆ, ಕೈ ಆಡಿಸಲು ಜಾಗ ಕಡಿಮೆ. ಟಚ್ ಕೆಪ್ಯಾಸಿಟಿವ್ ಇರಲಿ, ಅಂದರೆ ಫೋನಿನ ಹಾಗೆ ಬೆರಳು ತಾಗಿದರೆ ಸಾಕು. ಟೆಕ್ಸಾಸ್ ಬಿಸಿಲಿಗೆ ಗಾಜು ಮಿರಮಿರ ಹೊಳೆಯುವುದು ಬೇಡ, ಆಂಟಿ ಗ್ಲೇರ್ ಇರುವುದನ್ನು ನೋಡಿ. ಮತ್ತೆ ಒಂದು ವಾಲ್ಯೂಮ್ ಗುಂಡಿಯಾದರೂ ಇರಲಿ. ರಸ್ತೆ ನೋಡುತ್ತಾ ತಡಕಿ ತಿರುಗಿಸುವಂಥದ್ದು. ಎಲ್ಲವನ್ನೂ ಸ್ಕ್ರೀನ್ ಒಳಗೆ ತುರುಕುವ ಫ್ಯಾಷನ್ ಯಾರಿಗೆ ಹೊಳೆಯಿತೋ ದೇವರಿಗೇ ಗೊತ್ತು.

ಇನ್ನು ಕ್ಯಾಮೆರಾ. ನಿಮ್ಮ ಪ್ರಶ್ನೆಯ ನಿಜವಾದ ತಿರುಳು ಇದು. ಕಾರಿನಲ್ಲಿ ಹಿಂದಿನ ಕ್ಯಾಮೆರಾ ರಿವರ್ಸ್ ತೆಗೆಯಲು. ಮೋಟರ್‌ಹೋಮ್‌ನಲ್ಲಿ ಅದೇ ಒಳಗಿನ ಕನ್ನಡಿ. ನಿಮ್ಮ ತಲೆಯ ಹಿಂದೆ ಅಡುಗೆಮನೆ, ಹಾಸಿಗೆ, ಗೋಡೆ. ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ, ಹಿಂದೆ ಕಾರು ಕಟ್ಟಿಕೊಂಡು ಎಳೆಯುವಾಗ, ಕ್ಯಾಮೆರಾ ಚಾಲೂ ಇರಬೇಕು. ಹಾಗಾಗಿ ಹೊಸ ಯೂನಿಟ್ ತಗೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಗಾಡಿ ಮುಂದೆ ಓಡುತ್ತಿರುವಾಗಲೂ ನಾನು ಬೇಕೆಂದಾಗ ಕ್ಯಾಮೆರಾ ನೋಡಬಹುದಾ ಅನ್ನುವುದು. ಅಗ್ಗದ ಯೂನಿಟ್‌ಗಳು ಕೆಲವು ರಿವರ್ಸ್ ಗೇರ್ ಹಾಕಿದಾಗ ಮಾತ್ರ ತೋರಿಸುತ್ತವೆ. ಕೆಲವು ತೋರಿಸುತ್ತವೆ, ಆದರೆ ಒಂದು ಫೋನ್ ಕರೆ ಬಂದರೆ ಚಿತ್ರ ಹೋಗಿಬಿಡುತ್ತದೆ. ಕೈಪಿಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೊಳ್ಳುವ ಮೊದಲೇ ಇಳಿಸಿಕೊಂಡು ಕ್ಯಾಮೆರಾ ಪುಟ ಓದಿ. ಬೇರೇನೂ ಓದದಿದ್ದರೂ ಪರವಾಗಿಲ್ಲ.

ನನ್ನ ಮಾತು ಕೇಳುವುದಾದರೆ, ದುಡ್ಡಿಗೆ ತೊಂದರೆ ಇಲ್ಲ ಅಂದರೆ, ಕ್ಯಾಮೆರಾಕ್ಕೆ ಬೇರೆಯೇ ಒಂದು ಪುಟ್ಟ ಮಾನಿಟರ್ ಇಡಿ. ಒಳಗನ್ನಡಿ ಇರಬೇಕಾದ ಜಾಗದಲ್ಲಿ ಕೂರುವ ಕನ್ನಡಿಯಂಥ ಮಾನಿಟರ್‌ಗಳೇ ಸಿಗುತ್ತವೆ. ಆಗ ಡ್ಯಾಶ್ ಸ್ಕ್ರೀನ್‌ನಲ್ಲಿ ಮ್ಯಾಪ್, ಮೇಲೆ ಹಿಂಬದಿಯ ರಸ್ತೆ, ಒಂದಕ್ಕೊಂದು ಜಗಳ ಇಲ್ಲ. ಹೆದ್ದಾರಿಯಿಂದ ಯಾವ ತಿರುವಿನಲ್ಲಿ ಇಳಿಯಬೇಕು ಅಂತ ಮ್ಯಾಪ್ ನೋಡಬೇಕಾದ ಹೊತ್ತಿಗೇ ಹಿಂದೆ ಯಾರಿದ್ದಾರೆ ಅಂತಲೂ ನೋಡಬೇಕಾಗುತ್ತದೆ, ಯಾವಾಗಲೂ ಹಾಗೇ.

ಹಳೇ ಕ್ಯಾಮೆರಾ ಉಳಿಸಿಕೊಳ್ಳಬಹುದಾ? ಬಹುತೇಕ ಹೌದು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಗಾಡಿಗಳಿಗೆ ಹಿಂದಿನ ಕ್ಯಾಮೆರಾ ಕಡ್ಡಾಯ, ಆದರೆ ಅದು 10,000 ಪೌಂಡ್ ಒಳಗಿನ ಗಾಡಿಗಳಿಗೆ ಮಾತ್ರ. ನಿಮ್ಮ ಇ-450 ಸರಕು ತುಂಬಿ 14,500 ಪೌಂಡ್ ತೂಗಬಲ್ಲ ಗಾಡಿ, ಹಳೆಯದು ಬೇರೆ. ಹಾಗಾಗಿ ಅದರಲ್ಲಿರುವ ಕ್ಯಾಮೆರಾ ಮನೆ ಕಟ್ಟಿದವರು ತಮಗೆ ತೋಚಿದ್ದನ್ನು ಹಾಕಿದ್ದು. ಪ್ಲಗ್ಗೂ ಹಾಗೇ. ಯೂನಿಟ್ ಎಳೆದಾಗ ಮೂರರಲ್ಲಿ ಒಂದು ಸಿಗುತ್ತದೆ. ಹಳೇ ಟಿವಿ, ಡಿವಿಡಿ ಪ್ಲೇಯರ್‌ಗೆ ಸಿಕ್ಕಿಸುವಂಥ ಹಳದಿ ಬಣ್ಣದ ಆರ್‌ಸಿಎ ಪಿನ್ ಆದರೆ ನಿಮ್ಮ ಪುಣ್ಯ, ಹೊಸ ಯೂನಿಟ್‌ನ ಕ್ಯಾಮೆರಾ ಕಿಂಡಿಗೆ ನೇರ ಸಿಕ್ಕಿಸಿ. ಲೋಹದ ಉಂಗುರ ತಿರುಗಿಸಿ ಬಿಗಿಯುವ ನಾಲ್ಕು ಪಿನ್ನಿನ ದುಂಡು ಪ್ಲಗ್ ಆದರೆ ಅದನ್ನು ಏವಿಯೇಷನ್ ಕನೆಕ್ಟರ್ ಅನ್ನುತ್ತಾರೆ. ಲಾರಿ, ಬಸ್ಸುಗಳಲ್ಲೂ ಅದೇ ಇರುತ್ತದೆ. ಮೂರನೆಯದು ಹಳೇ ಕಂಪ್ಯೂಟರ್ ಕೀಬೋರ್ಡ್ ಪ್ಲಗ್ ಥರದ ಸಣ್ಣ ದುಂಡು ಪ್ಲಗ್, ಕಂಪನಿಯವರ ಸ್ವಂತದ್ದು.

ಈ ಎರಡು ದುಂಡು ಪ್ಲಗ್‌ಗಳ ವಿಷಯದಲ್ಲಿ ಒಂದು ಗುಟ್ಟಿದೆ. ವಿಡಿಯೊ, ಮೈಕ್ ಶಬ್ದ, ಗ್ರೌಂಡ್ (ಬ್ಯಾಟರಿಯ ನೆಗೆಟಿವ್ ಕಡೆ), ಜೊತೆಗೆ ಕ್ಯಾಮೆರಾಕ್ಕೆ ಬೇಕಾದ ಕರೆಂಟು ಎಲ್ಲ ಅದರಲ್ಲೇ ಹೋಗುತ್ತದೆ. ಹಳೇ ಸ್ಕ್ರೀನೇ ಕ್ಯಾಮೆರಾಕ್ಕೆ ಕರೆಂಟು ಕೊಡುತ್ತಿತ್ತು. ಅದನ್ನು ತೆಗೆದ ಕೂಡಲೇ ಕ್ಯಾಮೆರಾ ಸತ್ತಂತೆ ಕಾಣುತ್ತದೆ, ಜನ ಹೊಸ ಕ್ಯಾಮೆರಾ ಕೊಂಡು ಹಿಂದಿನ ಗೋಡೆಗೆ ತೂತು ಹೊಡೆಯಲು ಹೊರಡುತ್ತಾರೆ. ಬೇಡ. ದುಂಡು ಪ್ಲಗ್‌ನಿಂದ ಆರ್‌ಸಿಎಗೆ ಬದಲಿಸುವ ಪುಟ್ಟ ಅಡಾಪ್ಟರ್ ಸಿಗುತ್ತದೆ, ಅದರಲ್ಲಿ ಕರೆಂಟಿಗೆ ಬೇರೆ ಬಾಲ ಇರುತ್ತದೆ. ಆ ಬಾಲಕ್ಕೆ ಸಣ್ಣ ಫ್ಯೂಸ್ ಹಾಕಿ 12 ವೋಲ್ಟ್ ಕೊಡಿ. ಆದರೆ ಪಿನ್ನುಗಳ ಜೋಡಣೆ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಹಳೇ ಯೂನಿಟ್ ಇನ್ನೂ ಬದುಕಿರುವಾಗಲೇ ಅದರ ಕಡೆಯ ಕಿಂಡಿಯಲ್ಲಿ ಮಲ್ಟಿಮೀಟರ್ ಇಟ್ಟು, ಯಾವ ಪಿನ್ನಲ್ಲಿ ಕರೆಂಟು ಬರುತ್ತಿದೆ, ಎಷ್ಟು ವೋಲ್ಟ್ ಅಂತ ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಅದನ್ನು ತಿಳಿಯಲು ದಾರಿ ಇಲ್ಲ. ವಿಡಿಯೊ ಪಿನ್ನಿಗೆ 12 ವೋಲ್ಟ್ ಕೊಟ್ಟರೆ ಕ್ಯಾಮೆರಾ ಹೋಯಿತು ಅಂತಲೇ ಲೆಕ್ಕ.

ಒಂದು ವೇಳೆ ಹೊಸ ಕ್ಯಾಮೆರಾನೂ ಹಾಕುವುದಾದರೆ, ಹಳೇದು ಸಿವಿಬಿಎಸ್ (ಹಳೇ ಟಿವಿ ಥರದ ವಿಡಿಯೊ ಸಿಗ್ನಲ್), ಹೊಸವು ಬಹಳಷ್ಟು ಎಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರದ ಸಿಗ್ನಲ್) ಅನ್ನುವುದು ನೆನಪಿರಲಿ. ಪ್ಲಗ್ ಒಂದೇ ಥರ ಕಾಣುತ್ತದೆ, ಒಳಗಿನ ಸಿಗ್ನಲ್ ಬೇರೆ. ಯೂನಿಟ್‌ಗೆ ಎಎಚ್‌ಡಿ ಗೊತ್ತಿಲ್ಲದಿದ್ದರೆ ಬರೀ ನೀಲಿ ಅಥವಾ ಕಪ್ಪು ಪರದೆ. ಗೊತ್ತಿದ್ದರೂ ಸೆಟ್ಟಿಂಗ್ಸ್‌ನಲ್ಲಿ ಆರಿಸಿ ಹೇಳಬೇಕಾಗಬಹುದು.

ಕ್ಯಾಮೆರಾ ಬಂದ ಮೇಲೆ ಇದೊಂದನ್ನು ಮಾತ್ರ ಬಿಡಬೇಡಿ. ಮನೆಯವರನ್ನು ಗಾಡಿಯ ಹಿಂದೆ, ಡ್ರೈವರ್ ಕಡೆಯ ಮೂಲೆಯಲ್ಲಿ ನಿಲ್ಲಿಸಿ. ನೀವು ಸೀಟಿನಲ್ಲಿ ಕೂತು ನೋಡಿ. ಅವರು ಸ್ಕ್ರೀನಿನ ಎಡಗಡೆಯಲ್ಲೇ ಕಾಣಬೇಕು. ಬಲಗಡೆ ಕಂಡರೆ ಚಿತ್ರ ತಿರುಗಿದೆ. ಮುಂದಕ್ಕೆ ನೋಡಲು ಮಾಡಿದ ಕ್ಯಾಮೆರಾವನ್ನು ಹಿಂದೆ ಹಾಕಿದರೆ, ಅಥವಾ ಕನ್ನಡಿ ಚಿತ್ರದ ಸೆಟ್ಟಿಂಗ್ ಎರಡು ಕಡೆಯೂ ಆನ್ ಆಗಿದ್ದರೆ ಹೀಗಾಗುತ್ತದೆ. ಸುಮ್ನೆ ನೋಡಿದರೆ ಗೊತ್ತೇ ಆಗುವುದಿಲ್ಲ, ಮರ ಮರವೇ, ಕಂಬ ಕಂಬವೇ. ಕ್ಯಾಂಪ್‌ಗ್ರೌಂಡಿನಲ್ಲಿ ಸಂಜೆ ಹೊತ್ತು ಕರೆಂಟ್ ಕಂಬದ ಪಕ್ಕ ರಿವರ್ಸ್ ತೆಗೆಯುವಾಗ ಗೊತ್ತಾಗುತ್ತದೆ.

ಮುಂದಿನದು ಕರೆಂಟು. ನಿಮ್ಮ ಗಾಡಿಯಲ್ಲಿ ಎರಡು ಥರ ಬ್ಯಾಟರಿ ಇದೆ, ಎಂಜಿನ್ನಿಗೊಂದು, ಮನೆಗೊಂದು. ಸ್ಟೀರಿಯೊ ಯಾವುದರಿಂದ ಕುಡಿಯುತ್ತಿದೆ ಅಂತ ಹೇಳುವುದು ಕಷ್ಟ. ಡ್ಯಾಶ್ ಸುತ್ತಮುತ್ತ ರೇಡಿಯೊ ಅಂತ ಬರೆದ ಪುಟ್ಟ ಸ್ವಿಚ್ ಇದೆಯಾ ಹುಡುಕಿ. ಹಲವು ಮೋಟರ್‌ಹೋಮ್‌ಗಳಲ್ಲಿ ಇರುತ್ತದೆ. ಕ್ಯಾಂಪಿನಲ್ಲಿ ನಿಂತಾಗ ಎಂಜಿನ್ ಬ್ಯಾಟರಿ ಇಳಿಯದ ಹಾಗೆ ಮನೆ ಬ್ಯಾಟರಿಯಿಂದ ಹಾಡು ಕೇಳಲಿ ಅಂತ. ಒಳ್ಳೇ ಯೋಚನೆಯೇ, ಆದರೆ ವೈರ್ ಬಣ್ಣದ ಲೆಕ್ಕಾಚಾರವನ್ನೆಲ್ಲ ಅದು ಕೆಡಿಸುತ್ತದೆ.

ಸ್ಟೀರಿಯೊ ಪೆಟ್ಟಿಗೆಯಲ್ಲಿ ಬರುವ ವೈರುಗಳ ಬಣ್ಣ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಹಳದಿ ಯಾವಾಗಲೂ ಕರೆಂಟು ಇರುವುದು, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಗ್ರೌಂಡ್. ಕಿತ್ತಳೆ ಅಂದರೆ ರಾತ್ರಿ ಲೈಟ್ ಹಾಕಿದಾಗ ಸ್ಕ್ರೀನ್ ಮಬ್ಬಾಗಲು. ನೇರಳೆ ಮೇಲೆ ಬಿಳಿ ಗೆರೆ ರಿವರ್ಸ್‌ಗೆ, ತಿಳಿ ಹಸಿರು ಪಾರ್ಕಿಂಗ್ ಬ್ರೇಕ್‌ಗೆ. ಇದು ಸ್ಟೀರಿಯೊ ಕಡೆಯ ಬಣ್ಣ. ಗಾಡಿ ಕಡೆಯಿಂದ ಬರುವ ವೈರ್ ಬಣ್ಣವನ್ನು ನಂಬಬೇಡಿ. ಕೀ ತೆಗೆದು, ಕೀ ಹಾಕಿ, ರೇಡಿಯೊ ಸ್ವಿಚ್ಚನ್ನು ಆ ಕಡೆ ಈ ಕಡೆ ಮಾಡಿ, ಪ್ರತಿ ಸಲ ಮೀಟರ್ ಇಟ್ಟು ಯಾವುದರಲ್ಲಿ 12 ವೋಲ್ಟ್ ಇದೆ ನೋಡಿ. ಮಾಸ್ಕಿಂಗ್ ಟೇಪ್ ತುಂಡಿನ ಮೇಲೆ ಬರೆದು ವೈರಿಗೇ ಸುತ್ತಿ.

ಹಳದಿಯೂ ಕೆಂಪೂ ಎರಡೂ ಆ ಸ್ವಿಚ್‌ನಿಂದಲೇ ಬಂದಿದ್ದರೆ, ಸ್ವಿಚ್ ಆಫ್ ಮಾಡಿದಾಗಲೆಲ್ಲ ಹೊಸ ಯೂನಿಟ್ ತನ್ನ ನೆನಪು ಕಳೆದುಕೊಳ್ಳುತ್ತದೆ. ಫೋನ್, ಸ್ಟೇಷನ್, ಕ್ಯಾಮೆರಾ ಸೆಟ್ಟಿಂಗ್ ಎಲ್ಲ ಮತ್ತೆ ಮೊದಲಿಂದ. ಕೆಲವರು ಇದಕ್ಕೆ ಹಳದಿಯನ್ನು ನೇರ ಎಂಜಿನ್ ಬ್ಯಾಟರಿಗೆ ಕೊಡುತ್ತಾರೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರಿಗೆ ಇದು ಸರಿ ಹೋಗುವುದಿಲ್ಲ. ಯೂನಿಟ್ ನಿದ್ದೆಯಲ್ಲೂ ಚೂರು ಚೂರು ಕುಡಿಯುತ್ತದೆ, ಅದರಲ್ಲೂ ಆಂಡ್ರಾಯ್ಡ್ ಯೂನಿಟ್‌ಗಳು ಜಾಸ್ತಿ. ನಾನಾದರೆ ಹಳದಿಯನ್ನು ಮನೆ ಬ್ಯಾಟರಿಗೆ ಕೊಡುತ್ತೇನೆ, ಫ್ಯೂಸ್ ಹಾಕಿ, ಮನೆಯ ಮುಖ್ಯ ಡಿಸ್‌ಕನೆಕ್ಟ್ ಸ್ವಿಚ್ ಆದ ಮೇಲಿನ ಜಾಗದಿಂದ. ಮನೆ ಬ್ಯಾಟರಿ ಖಾಲಿಯಾದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಯೂನಿಟ್ ಮತ್ತೆ ಮತ್ತೆ ರೀಬೂಟ್ ಆಗುವ ಕಾಟವೂ ತಪ್ಪುತ್ತದೆ.

ಸ್ಪೀಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಮಾತು. ಹಿಂದೆ ಹಾಸಿಗೆ ಹತ್ತಿರ, ಊಟದ ಟೇಬಲ್ ಹತ್ತಿರ ಸ್ಪೀಕರ್‌ಗಳಿದ್ದರೆ ಅವನ್ನು ಜೋಡಿ ಮಾಡಿ ಒಂದೇ ಲೈನಿಗೆ ಸಿಕ್ಕಿಸಿರಬಹುದು. ಸ್ಪೀಕರ್ ವೈರಿನ ಎರಡು ತುದಿಗೆ ಮೀಟರ್ ಇಟ್ಟು ಓಮ್ಸ್ ನೋಡಿ. ನಾಲ್ಕು ಓಮ್ಸ್ ಸ್ಪೀಕರ್ ಒಂದೇ ಇದ್ದರೆ ಮೂರಕ್ಕಿಂತ ಮೇಲೆ ತೋರಿಸುತ್ತದೆ. ಎರಡಕ್ಕಿಂತ ಕೆಳಗೆ ಬಂದರೆ ಜೋಡಿ ಇದೆ ಅಂತ ಅರ್ಥ. ನಾಲ್ಕು ಓಮ್ಸ್‌ಗಿಂತ ಕಡಿಮೆ ತಾಳದ ಹೊಸ ಯೂನಿಟ್ ಆಗ ಬಿಸಿಯಾಗಿ ಆಫ್ ಆಗುತ್ತದೆ, ನೀವು ಯೂನಿಟ್ಟೇ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುತ್ತೀರಿ.

ಕೆಲಸಕ್ಕೆ ಕೂರುವ ದಿನ ಮಾಡಬೇಕಾದದ್ದು ಹೇಳುತ್ತೇನೆ. ಎಂಜಿನ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮನೆ ಬ್ಯಾಟರಿಯದ್ದೂ ಬಿಚ್ಚಿ. ಅಷ್ಟಕ್ಕೇ ಕರೆಂಟು ಹೋಯಿತು ಅಂದುಕೊಳ್ಳಬೇಡಿ. ಗಾಡಿಯನ್ನು ಮನೆಯ ಪ್ಲಗ್‌ಗೋ ಕ್ಯಾಂಪಿನ ಕರೆಂಟ್ ಕಂಬಕ್ಕೋ (ಶೋರ್ ಪವರ್) ಸಿಕ್ಕಿಸಿದ್ದರೆ ಒಳಗಿರುವ ಕನ್ವರ್ಟರ್ 12 ವೋಲ್ಟ್ ಮಾಡುತ್ತಲೇ ಇರುತ್ತದೆ, ಬ್ಯಾಟರಿ ಇರಲಿ ಬಿಡಲಿ. ಕಾರ್ ಸ್ಟೀರಿಯೊ ಹಾಕಿ ಪಳಗಿದವರೂ ಇಲ್ಲಿ ಎಡವುತ್ತಾರೆ, ಕಾರಿನಲ್ಲಿ ಇಂಥದ್ದು ಇಲ್ಲ ನೋಡಿ. ಮಾಳಿಗೆ ಮೇಲೆ ಸೋಲಾರ್ ಇದ್ದರೆ ಅದನ್ನು ಬ್ಯಾಟರಿಗಿಂತ ಮೊದಲೇ ಬಿಡಿಸಿ. ಕೊನೆಗೆ ಮೀಟರ್ ಇಟ್ಟು ಸೊನ್ನೆ ಬಂದ ಮೇಲೆ ಕೈ ಹಾಕಿ. ಮೀಟರ್‌ನಿಂದ ವೈರ್ ಗುರುತಿಸುವ ಕೆಲಸ ಇದಕ್ಕೂ ಮುಂಚೆ ಮುಗಿದಿರಬೇಕು ಅಂತ ಬೇರೆ ಹೇಳಬೇಕಿಲ್ಲ.

ಚಕ್ರಕ್ಕೆ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಒತ್ತಿ, ಬ್ಯಾಟರಿ ಬಿಚ್ಚುವ ಮೊದಲೇ ಗೇರ್ ಲಿವರನ್ನು ಪೂರ್ತಿ ಕೆಳಕ್ಕೆ ಎಳೆದಿಡಿ, ಫ್ರೇಮ್ ತೆಗೆಯಲು ದಾರಿಯಾಗುತ್ತದೆ. ಸುತ್ತಲ ಫ್ರೇಮ್ ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಲೋಹದ ಸ್ಕ್ರೂಡ್ರೈವರ್ ತೂರಿಸಬೇಡಿ, ಮೀಟಿ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ ಕೆಲವೇ ಡಾಲರ್. ಹತ್ತು ವರ್ಷ ದಾಟಿದ ಪ್ಲಾಸ್ಟಿಕ್, ಬಿಸಿಲಿಗೆ ಹಪ್ಪಳವಾಗಿದೆ, ಚಳಿ ಬೆಳಿಗ್ಗೆ ಎಳೆದರೆ ಪಟ್ ಅಂತ ಮುರಿಯುತ್ತದೆ. ಮಧ್ಯಾಹ್ನ ಬೆಚ್ಚಗಾದ ಮೇಲೆ ಎಳೆಯಿರಿ. ಒಳಗೆ ಯೂನಿಟ್ಟನ್ನು ಹಿಡಿದಿರುವ ಸ್ಕ್ರೂ ಸಾಮಾನ್ಯವಾಗಿ 7 ಮಿ.ಮೀ. ತಲೆಯವು. ಒಂದು ಕೆಳಗೆ ಬಿದ್ದರೆ ಎಂಜಿನ್ ಕವರ್ ಪಕ್ಕದ ಸಂದಿಗೆ ಹೋಗುತ್ತದೆ, ಒಂದು ಹಳೇ ಟವೆಲ್ ಹಾಸಿಕೊಳ್ಳಿ.

ಫೋರ್ಡ್‌ನ ಮೂಲ ಪ್ಲಗ್ ಇನ್ನೂ ಹಾಗೇ ಇದ್ದರೆ ಅದನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಅದಕ್ಕೆ ಕೂರುವ ಅಡಾಪ್ಟರ್ ಹಾರ್ನೆಸ್, ಅಂದರೆ ಪ್ಲಗ್ ಇರುವ ವೈರಿನ ಗೊಂಚಲು, ಸಿಗುತ್ತದೆ. ಯೂನಿಟ್ಟಿನ ಬಾಲಕ್ಕೂ ಅಡಾಪ್ಟರ್ ಬಾಲಕ್ಕೂ ಮೇಜಿನ ಮೇಲೇ ಜೋಡಣೆ ಮುಗಿಸಿ ತಂದರೆ ಗಾಡಿಯಲ್ಲಿ ಬರೀ ಸಿಕ್ಕಿಸುವುದು. ಜೋಡಿಸುವಾಗ ವೈರ್ ತಿರುಚಿ ಟೇಪ್ ಸುತ್ತುವ ನಮ್ಮೂರಿನ ಅಭ್ಯಾಸ ಇಲ್ಲಿ ಬೇಡ. ಅಲುಗಾಟಕ್ಕೆ ಸಡಿಲವಾಗುತ್ತದೆ, ಬಿಸಿಗೆ ಟೇಪಿನ ಅಂಟು ಕರಗುತ್ತದೆ. ಕ್ರಿಂಪ್ ಮಾಡಿ, ಅಂದರೆ ಪುಟ್ಟ ಲೋಹದ ಕೊಳವೆಯಲ್ಲಿ ವೈರುಗಳನ್ನು ಸೇರಿಸಿ ಇಕ್ಕಳದಿಂದ ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಟ್ಯೂಬ್ ಹಾಕಿ. ಯೂನಿಟ್ಟಿನ ಹಿಂಬದಿಗೂ ಒಂದು ಲೋಹದ ಪಟ್ಟಿಯ ಆಸರೆ ಕೊಡಿ. ಮುಂದಿನ ನಾಲ್ಕು ಸ್ಕ್ರೂ ಮೇಲೆ ಮಾತ್ರ ನೇತಾಡಬಾರದು.

ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ಪೀಕರ್‌ನಲ್ಲಿ ಕುಯ್ಯೋ ಅಂತ ಶಬ್ದ ಬಂದು, ಆಕ್ಸಿಲರೇಟರ್ ಒತ್ತಿದಂತೆ ಅದು ಏರುತ್ತದಾ? ಕ್ಯಾಮೆರಾ ಚಿತ್ರದಲ್ಲಿ ಗೆರೆಗಳು ಓಡುತ್ತವಾ? ಅದು ಗ್ರೌಂಡ್ ಸಮಸ್ಯೆ. ಕ್ಯಾಮೆರಾ ಹಿಂದೆ 29 ಅಡಿ ದೂರದಲ್ಲಿ ಒಂದು ಕಡೆ ಗ್ರೌಂಡ್ ಆಗಿದೆ, ಯೂನಿಟ್ ಮುಂದೆ ಇನ್ನೊಂದು ಕಡೆ. ಕ್ಯಾಮೆರಾದ ಕರೆಂಟನ್ನೂ ಗ್ರೌಂಡನ್ನೂ ಮುಂದಿನಿಂದಲೇ, ಯೂನಿಟ್ ಇರುವ ಜಾಗದಿಂದಲೇ ಕೊಟ್ಟರೆ ಬಹುತೇಕ ಹೋಗುತ್ತದೆ. ಹೋಗದಿದ್ದರೆ ಆ ಎರಡು ಗ್ರೌಂಡ್‌ಗಳನ್ನು ಬೇರ್ಪಡಿಸಲು ವಿಡಿಯೊ ವೈರಿನ ಮಧ್ಯೆ ಹಾಕುವ ಐಸೊಲೇಟರ್ ಇದೆ, ಅಗ್ಗದ್ದು.

ತಿಳಿ ಹಸಿರು ವೈರಿನ ಬಗ್ಗೆ ಅಂತೂ ಯಾರಾದರೂ ನಿಮಗೆ ಹೇಳೇ ಹೇಳುತ್ತಾರೆ, ಅದನ್ನು ನೇರ ಗ್ರೌಂಡಿಗೆ ಕೊಡು, ಓಡಿಸುವಾಗಲೂ ಸಿನಿಮಾ ಬರುತ್ತೆ ಅಂತ. ಮಾಡಬೇಡಿ. ಮಕ್ಕಳಿಗೆ ಸಿನಿಮಾ ಬೇಕಾದರೆ ಹಿಂದೆ ಟಿವಿ ಇದೆ. ಅದನ್ನು ಪಾರ್ಕಿಂಗ್ ಬ್ರೇಕ್ ಸ್ವಿಚ್ಚಿನ ವೈರಿಗೇ ಜೋಡಿಸಿ.

ಕಾರ್‌ಪ್ಲೇ ಬಂತು ಅಂತ ದಾರಿ ತೋರಿಸುವ ಕೆಲಸವನ್ನೆಲ್ಲ ಅದಕ್ಕೇ ಬಿಡಬೇಡಿ. ಫೋನಿನ ಸಾಮಾನ್ಯ ಮ್ಯಾಪ್‌ಗಳಿಗೆ ನಿಮ್ಮ ಗಾಡಿಯ ಎತ್ತರ ಗೊತ್ತಿಲ್ಲ. ನಿಮ್ಮಂಥ ಕ್ಲಾಸ್ ಸಿ ಗಾಡಿ ಮೇಲಿನ ಎಸಿ ಸೇರಿ 11 ಅಡಿಯ ಆಸುಪಾಸು ಇರುತ್ತದೆ. ನಾರ್ತ್ ಕೆರೊಲಿನಾದ ಡರಮ್‌ನಲ್ಲಿ ಒಂದು ರೈಲು ಸೇತುವೆ ಇದೆ, ಮೊದಲು 11 ಅಡಿ 8 ಇಂಚು ಎತ್ತರ ಇತ್ತು. ಎಷ್ಟು ಲಾರಿಗಳ ನೆತ್ತಿ ಕೆರೆದಿತ್ತು ಅಂದರೆ 2019ರಲ್ಲಿ ಸೇತುವೆಯನ್ನೇ 8 ಇಂಚು ಎತ್ತರಿಸಿದರು. ನ್ಯೂಯಾರ್ಕ್ ಕಡೆಯ ಹಳೇ ಪಾರ್ಕ್‌ವೇಗಳಲ್ಲಿ ಇದಕ್ಕಿಂತ ತಗ್ಗಿನ ಸೇತುವೆಗಳಿವೆ. ಬಾಲ್ಟಿಮೋರ್‌ನ ಸುರಂಗಗಳಲ್ಲಿ ಪ್ರೊಪೇನ್ ಸಿಲಿಂಡರಿಗೆ ಬೇರೆ ನಿರ್ಬಂಧ ಇದೆ. ಎತ್ತರ, ತೂಕ, ಪ್ರೊಪೇನ್ ಎಲ್ಲ ನಮೂದಿಸುವ ಮೋಟರ್‌ಹೋಮ್ ಜಿಪಿಎಸ್‌ಗಳನ್ನು ಗಾರ್ಮಿನ್, ರ‍್ಯಾಂಡ್ ಮೆಕ್‌ನ್ಯಾಲಿ ಮಾಡುತ್ತಾರೆ, ಫೋನ್ ಆ್ಯಪ್‌ಗಳೂ ಇವೆ. ಆ್ಯಪ್ ತಗೊಳ್ಳುವುದಾದರೆ ಅದು ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊದಲ್ಲಿ ಬರುತ್ತದಾ ಅಂತ ಮೊದಲು ನೋಡಿ. ಎಸಿಯ ನೆತ್ತಿಯಿಂದ ನೆಲದವರೆಗೆ ಟೇಪ್ ಹಿಡಿದು ಅಳೆದು, ಆ ಅಳತೆಯನ್ನು ಡ್ರೈವರ್ ಸೀಟಿನ ಮುಂದಿನ ವೈಸರ್ ಮೇಲೆ ಬರೆದಂಟಿಸಿ. ಗಾಬರಿಯಲ್ಲಿ ನೆನಪಾಗುವುದಿಲ್ಲ.

ದುಡ್ಡಿನ ಮಾತು. ಹೆಸರಿರುವ ಕಂಪನಿಯ, ಡಿಸ್ಕ್ ಇಲ್ಲದ, ಕಾರ್‌ಪ್ಲೇ ಇರುವ ಏಳಿಂಚಿನ ಯೂನಿಟ್ ಸುಮಾರು 300, 400 ಡಾಲರ್‌ನಿಂದ ಶುರು. ವೈರ್‌ಲೆಸ್ ಬೇಕು, ಎರಡು ಮೂರು ಕ್ಯಾಮೆರಾ ಹಾಕಬೇಕು ಅಂದರೆ ಅದರ ದುಪ್ಪಟ್ಟು. ಫ್ರೇಮ್, ಹಾರ್ನೆಸ್, ಅಡಾಪ್ಟರ್ ಎಲ್ಲ ಸೇರಿ ನೂರರ ಒಳಗೆ ಆಗಬೇಕು. ಮೋಟರ್‌ಹೋಮ್ ಡೀಲರ್‌ಗಳ ಕೂಲಿ ಗಂಟೆಗೆ 150 ಡಾಲರ್ ದಾಟುವುದು ಸಾಮಾನ್ಯ, ಅದಕ್ಕೇ ನಿಮಗೆ ಗಾಬರಿಯಾಗಿದ್ದು. ಮಧ್ಯದ ದಾರಿ ಒಂದಿದೆ. ವೈರಿಂಗ್ ನಿಮ್ಮಿಂದ ಆಗುವುದಿಲ್ಲ ಅನ್ನಿಸಿದರೆ ಒಳ್ಳೇ ಕಾರ್ ಆಡಿಯೊ ಅಂಗಡಿಗೆ ಹೋಗಿ, ಕೂಲಿ ಕಮ್ಮಿ, ಕೈಯೂ ಪಳಗಿರುತ್ತದೆ. ಮೊದಲೇ ಫೋನ್ ಮಾಡಿ, ಗಾಡಿ 11 ಅಡಿ ಎತ್ತರ, ನಿಮ್ಮ ಬಾಗಿಲಲ್ಲಿ ನುಗ್ಗುವುದಿಲ್ಲ, ಹೊರಗೆ ಪಾರ್ಕಿಂಗ್‌ನಲ್ಲೇ ಮಾಡಿಕೊಡುತ್ತೀರಾ ಅಂತ ಕೇಳಿ. ನೀವು ಬರೆದಿಟ್ಟ ಟೇಪ್ ಚೀಟಿಗಳು ಅವರ ಅರ್ಧ ದಿನ ಉಳಿಸುತ್ತವೆ.

ಇನ್ನು ಜೆ.ಸಿ. ರಸ್ತೆ. ಅಲ್ಲಿ ಸಿಗದ ಗಾಡಿ ಸಾಮಾನಿಲ್ಲ, ಒಪ್ಪುತ್ತೇನೆ. ಅಪ್ಪ ಅಮ್ಮನ ಬ್ಯಾಗಿನಲ್ಲಿ ಜಾಗವಿದ್ದರೆ ಸಾಂಬಾರ್ ಪುಡಿ ತರಿಸಿ, ಸ್ಟೀರಿಯೊ ಬೇಡ. ಮೊದಲನೆಯದು ರೇಡಿಯೊ. ಅಮೆರಿಕದ ಎಫ್‌ಎಂ ಸ್ಟೇಷನ್‌ಗಳು 88.1, 88.3 ಅಂತ ಬೆಸ ಅಂಕಿಯಲ್ಲಿ ಕೂರುತ್ತವೆ, ಎಎಂ 10 ಕಿಲೊಹರ್ಟ್ಸ್ ಅಂತರದಲ್ಲಿ. ನಮ್ಮಲ್ಲಿ ಎಎಂ 9 ಕಿಲೊಹರ್ಟ್ಸ್ ಅಂತರ. ಸೆಟ್ಟಿಂಗ್ಸ್‌ನಲ್ಲಿ ದೇಶ ಬದಲಿಸಲು ಬಂದರೆ ಸರಿ, ಬಾರದಿದ್ದರೆ ಎಎಂ ಹೆಚ್ಚುಕಮ್ಮಿ ಹೋದಂತೆಯೇ. ಬಿರುಗಾಳಿ ಎಚ್ಚರಿಕೆ ಕೇಳಲು ನಿಮ್ಮ ಕಡೆ ರೇಡಿಯೊ ಬೇಕಾಗುತ್ತದೆ. ಎರಡನೆಯದು ಗ್ಯಾರಂಟಿ, ಕೆಟ್ಟರೆ ಬೆಂಗಳೂರಿಗೇ ಹೋಗಬೇಕು. ಮೂರನೆಯದು, ಅಗ್ಗದ ಆಂಡ್ರಾಯ್ಡ್ ಯೂನಿಟ್‌ಗಳ ಪೆಟ್ಟಿಗೆ ಮೇಲೆ ಬರೆದ ಮೆಮೊರಿ ಒಂದು, ಒಳಗಿರುವುದು ಇನ್ನೊಂದು, ಇದು ಬೆಂಗಳೂರಿನ ದೋಷವಲ್ಲ, ಇಲ್ಲಿ ಆನ್‌ಲೈನ್‌ನಲ್ಲಿ ಕೊಂಡರೂ ಅದೇ ಕಥೆ. ಅವು ಬೂಟ್ ಆಗಲು ತಗೊಳ್ಳುವ ಹೊತ್ತಿನಲ್ಲಿ ನೀವು ರಿವರ್ಸ್ ತೆಗೆದು ಮುಗಿಸಿರುತ್ತೀರಿ, ಕ್ಯಾಮೆರಾ ಆಮೇಲೆ ಬರುತ್ತದೆ. ಫೋನ್‌ನ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ತೋರಿಸುವ ಸರಳ ಯೂನಿಟ್ ಸಾಕು. ಬುದ್ಧಿ ಫೋನಿನಲ್ಲಿರಲಿ, ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಹೇಗೂ ಬದಲಿಸುತ್ತೀರಿ.

ಯೂನಿಟ್ ಹೊರಗೆ ಎಳೆದಾಗ ಕ್ಯಾಮೆರಾ ಪ್ಲಗ್ ಹತ್ತಿರದಿಂದ ಒಂದು ಫೋಟೊ, ವೈರುಗಳ ಗಂಟಿನದೊಂದು ಫೋಟೊ ತೆಗೆದು ಕಳಿಸಿ. ಯಾವ ಅಡಾಪ್ಟರ್ ತಗೊಳ್ಳಬೇಕು ಅಂತ ಆಮೇಲೆ ಹೇಳುತ್ತೇನೆ.